ರಿಪೋರ್ಟ್ ಎಲ್ಲಾ ನಾರ್ಮಲ್, ಹೊಟ್ಟೆ ಮಾತ್ರ ಅಲ್ಲ

ಪ್ರಶ್ನೆ: ಡಾಕ್ಟ್ರೇ, ನನಗೆ 33 ವರ್ಷ. ಊರು ಬೇಲೂರು, ಕೆಲಸ ಹಾಸನದಲ್ಲಿ. ಮೂರು ವರ್ಷದಿಂದ ಒಂದೇ ಪಾಡು. ಬೆಳಿಗ್ಗೆ ಮನೆ ಬಿಡುವ ಮೊದಲು ಮೂರು ನಾಲ್ಕು ಸಲ ಟಾಯ್ಲೆಟ್‌ಗೆ ಓಡಬೇಕು. ಹೊಟ್ಟೆ ಹಿಂಡುತ್ತದೆ, ಹೋಗಿ ಬಂದರೆ ಸ್ವಲ್ಪ ಆರಾಮ. ಬಸ್ಸು ಹಗರೆ ದಾಟುವಷ್ಟರಲ್ಲಿ ಮತ್ತೆ ಶುರು. ಸಂಜೆ ಹೊಟ್ಟೆ ಉಬ್ಬರಿಸಿ ತಮಟೆ ಆಗಿರುತ್ತದೆ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಎಂಡೋಸ್ಕೋಪಿ ಎಲ್ಲ ನಾರ್ಮಲ್. ತೂಕ ಇಳಿದಿಲ್ಲ, ರಕ್ತ ಹೋಗಿಲ್ಲ. ಎರಡು ವರ್ಷದಿಂದ ಗ್ಯಾಸ್ಟ್ರಿಕ್ ಮಾತ್ರೆ ನುಂಗುತ್ತಿದ್ದೇನೆ. ಹಾಲು, ಕಾಫಿ, ಅವರೆಕಾಳು, ಮುದ್ದೆ, ಇಡ್ಲಿ ಎಲ್ಲ ಬಿಟ್ಟೆ. ಈಗ ಗಂಜಿ, ಮೊಸರನ್ನವೇ ಗತಿ. ಕೊನೆಗೊಬ್ಬರು ಡಾಕ್ಟರ್ ಐಬಿಎಸ್ (ಇರಿಟೇಬಲ್ ಬವೆಲ್ ಸಿಂಡ್ರೋಮ್, ಕರುಳು ಬೇಗ ಕೆರಳುವ ತೊಂದರೆ) ಅಂದರು. ಮನೆಯಲ್ಲಿ ‘ಎಲ್ಲಾ ನಿನ್ನ ಟೆನ್ಶನ್’ ಅಂತಾರೆ. ಇದು ವಾಸಿಯಾಗುತ್ತಾ?

ಉತ್ತರ: ಮೊದಲು ಮನೆಯವರಿಗೆ ಒಂದು ಮಾತು. ಇದು ಸುಮ್ನೆ ಮನಸ್ಸಿನ ಭ್ರಮೆ ಅಲ್ಲ. ಕರುಳಿಗೆ ಅದರದ್ದೇ ನರಗಳ ಜಾಲ ಇದೆ, ಅದು ಮಿದುಳಿನ ಜೊತೆ ಸದಾ ಮಾತಾಡುತ್ತಲೇ ಇರುತ್ತದೆ. ಐಬಿಎಸ್‌ನಲ್ಲಿ ಆ ನರಗಳು ಜಾಸ್ತಿ ಚುರುಕಾಗಿರುತ್ತವೆ. ಬೇರೆಯವರಿಗೆ ಗೊತ್ತೇ ಆಗದ ಗಾಳಿ ನಿಮಗೆ ನೋವಾಗಿ ಕಾಣುತ್ತದೆ. ಸ್ಕ್ಯಾನಿಂಗ್‌ನಲ್ಲಿ ಕರುಳಿನ ಆಕಾರ ಕಾಣುತ್ತದೆ, ಈ ಚುರುಕು ಕಾಣುವುದಿಲ್ಲ. ಟೆನ್ಶನ್ ಇದನ್ನು ಕೆರಳಿಸುತ್ತದೆ, ನಿಜ. ಆದರೆ ಬಸ್ಸಿನಲ್ಲಿ ಟಾಯ್ಲೆಟ್ ಇಲ್ಲ ಅಂತ ಗೊತ್ತಿದ್ದರೆ ಯಾರಿಗೆ ಟೆನ್ಶನ್ ಆಗಲ್ಲ ಹೇಳಿ?

ನಮ್ಮ ಕಡೆ ಹೊಟ್ಟೆಯ ಕಾಯಿಲೆಗೆಲ್ಲ ಒಂದೇ ಹೆಸರು, ಗ್ಯಾಸ್ಟ್ರಿಕ್. ಎದೆ ಉರಿದರೂ ಅದೇ, ಮಲ ಕಟ್ಟಿದರೂ ಅದೇ, ಬೆನ್ನು ಹಿಡಿದುಕೊಂಡರೂ ಅದೇ. ನೀವು ನುಂಗುತ್ತಿರುವ ಮಾತ್ರೆ ಜಠರದ ಆಮ್ಲ ಕಡಿಮೆ ಮಾಡುತ್ತದೆ. ನಿಮ್ಮ ತೊಂದರೆ ಇರುವುದು ಅದಕ್ಕಿಂತ ಕೆಳಗೆ. ಬಾಯಿಂದ ಹಾಕುವ ಎಂಡೋಸ್ಕೋಪಿಯೂ ದೊಡ್ಡ ಕರುಳಿನವರೆಗೆ ಹೋಗುವುದಿಲ್ಲ. ಹಾಗಂತ ಎರಡು ವರ್ಷದ ಮಾತ್ರೆಯನ್ನು ನಾಳೆಯೇ ನಿಲ್ಲಿಸಬೇಡಿ. ಒಮ್ಮೆಲೇ ಬಿಟ್ಟರೆ ಎದೆಯುರಿ ಜೋರಾಗಿ ಬರಬಹುದು. ಡಾಕ್ಟರಿಗೆ ಹೇಳಿ ನಿಧಾನಕ್ಕೆ ಇಳಿಸಿ.

ಐಬಿಎಸ್ ಅಂತ ಹೇಳಲು 2016ರಲ್ಲಿ ಬಂದ ‘ರೋಮ್ 4’ ಅನ್ನುವ ಅಳತೆ ಇದೆ. ತೊಂದರೆ ಶುರುವಾಗಿ ಆರು ತಿಂಗಳಾದರೂ ಆಗಿರಬೇಕು. ಕಳೆದ ಮೂರು ತಿಂಗಳಲ್ಲಿ ವಾರಕ್ಕೊಂದು ದಿನವಾದರೂ ಹೊಟ್ಟೆ ನೋವು ಬಂದಿರಬೇಕು. ಜೊತೆಗೆ ಮೂರು ವಿಷಯ ನೋಡುತ್ತಾರೆ: ಆ ನೋವಿಗೂ ಮಲವಿಸರ್ಜನೆಗೂ ನಂಟಿದೆಯಾ, ಎಷ್ಟು ಸಲ ಹೋಗುತ್ತೀರಿ ಅನ್ನುವುದು ಬದಲಾಗಿದೆಯಾ, ಮಲ ಗಟ್ಟಿಯೋ ತೆಳುವೋ ಅನ್ನುವುದು ಬದಲಾಗಿದೆಯಾ. ಈ ಮೂರರಲ್ಲಿ ಎರಡಾದರೂ ಇರಬೇಕು. ನಿಮ್ಮ ಪತ್ರ ಇದಕ್ಕೆ ಸರಿಯಾಗಿ ಹೊಂದುತ್ತದೆ. ಇನ್ನೆರಡು ಪರೀಕ್ಷೆ ಮಾಡಿಸಿಲ್ಲದಿದ್ದರೆ ಕೇಳಿ ನೋಡಿ: ಕರುಳಿನ ಉರಿಯೂತ ಇದೆಯಾ ಅಂತ ತಿಳಿಸುವ ಮಲದ ಕ್ಯಾಲ್‌ಪ್ರೊಟೆಕ್ಟಿನ್, ಗೋಧಿ ತಿಂದರೆ ಕೆರಳುವ ಸಿಲಿಯಾಕ್ ಕಾಯಿಲೆಯ ರಕ್ತ ಪರೀಕ್ಷೆ. ಅವೂ ನಾರ್ಮಲ್ ಬಂದರೆ ಪರೀಕ್ಷೆಗೆ ಖರ್ಚು ಮಾಡುವುದು ಸಾಕು.

ಈಗ ಊಟ. ನನಗೆ ಬೇಜಾರಾಗಿದ್ದು ನಿಮ್ಮ ಗಂಜಿಯ ವಿಷಯ ಓದಿ. ಎಲ್ಲ ಒಟ್ಟಿಗೆ ಬಿಟ್ಟರೆ ಯಾವುದು ತೊಂದರೆ ಕೊಡುತ್ತಿತ್ತು ಅಂತ ಗೊತ್ತಾಗುವುದಾದರೂ ಹೇಗೆ? ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ ‘ಲೋ ಫಾಡ್‌ಮ್ಯಾಪ್’ ಪಥ್ಯ ಒಂದಿದೆ. ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಿಕೊಳ್ಳದೆ, ದೊಡ್ಡ ಕರುಳಿಗೆ ಹೋಗಿ ಹುದುಗಿ ಗಾಳಿ ಮಾಡುವ ಕೆಲವು ಸಕ್ಕರೆ ಅಂಶಗಳನ್ನು ನಾಲ್ಕರಿಂದ ಆರು ವಾರ ದೂರ ಇಡುವುದು ಅದರ ಮೊದಲ ಹೆಜ್ಜೆ. ಜನ ಅಲ್ಲಿಗೇ ನಿಂತುಬಿಡುತ್ತಾರೆ. ಆಮೇಲೆ ಒಂದೊಂದನ್ನೇ ವಾಪಸ್ ತಂದು, ಮೂರು ದಿನ ಸ್ವಲ್ಪ ಸ್ವಲ್ಪ ಜಾಸ್ತಿ ತಿಂದು ನೋಡುವುದೇ ಅದರ ಮುಖ್ಯ ಭಾಗ.

ನೀವು ಮುದ್ದೆ ಬಿಟ್ಟಿದ್ದೀರಿ. ನನ್ನ ಅನುಮಾನ ಮುದ್ದೆಗಿಂತ ಅದರ ಜೊತೆಗಿನ ಸಾರಿನ ಮೇಲೆ. ಈರುಳ್ಳಿ, ಬೆಳ್ಳುಳ್ಳಿ, ಕಾಳು ಮೂರರಲ್ಲೂ ಆ ಗಾಳಿ ಮಾಡುವ ಅಂಶ ಇದೆ. ಬೆಳ್ಳುಳ್ಳಿಗೆ ಒಂದು ಉಪಾಯ ಹೇಳುತ್ತೇನೆ. ಅದರ ತೊಂದರೆ ಕೊಡುವ ಅಂಶ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಒಗ್ಗರಣೆಯ ಎಣ್ಣೆಗೆ ಇಡೀ ಎಸಳು ಹಾಕಿ, ಘಮ ಬಂದ ಮೇಲೆ ತೆಗೆದು ಪಕ್ಕಕ್ಕಿಡಿ. ಆಮೇಲೆ ಸಾಸಿವೆ, ಕರಿಬೇವು. ಸಾರಿಗೆ ರುಚಿ ಸಿಗುತ್ತದೆ, ಹೊಟ್ಟೆಗೆ ಪೆಟ್ಟು ಬೀಳುವುದಿಲ್ಲ. ಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ. ಅವರೆಕಾಳಿನ ಕಾಲದಲ್ಲಿ ಹಾಸನದವರಿಗೆ ಪಥ್ಯ ಹೇಳುವುದು ಎಷ್ಟು ಕಷ್ಟ ಅಂತ ನನಗೂ ಗೊತ್ತು. ಪೂರ್ತಿ ಬಿಡಿ ಅನ್ನುವುದಿಲ್ಲ, ಒಂದು ಸೌಟು ತಿಂದು ನೋಡಿ.

ಕಾಫಿ ಕುಡಿದರೆ ದೊಡ್ಡ ಕರುಳು ಚುರುಕಾಗುತ್ತದೆ. ಜೊತೆಗೆ ಪುಡಿಯಲ್ಲಿ ಚಿಕೋರಿ ಇದ್ದರೆ, ಆ ಬೇರಿನಲ್ಲಿ ಇನುಲಿನ್ ಇದೆ. ಅದೂ ಈರುಳ್ಳಿಯ ಜಾತಿಯ ಅಂಶವೇ. ಹಾಲು ಬೇರೆ. ಹಾಗಾಗಿ ಒಂದು ಲೋಟದಲ್ಲಿ ಮೂರು ಆರೋಪಿಗಳು. ಮೊದಲು ಚಿಕೋರಿ ಇಲ್ಲದ ಪುಡಿ ತನ್ನಿ, ಎರಡು ವಾರ ಹಾಲು ಹಾಕದೆ ಅರ್ಧ ಲೋಟ ಕುಡಿದು ನೋಡಿ. ಮಲೆನಾಡಿನ ಪಕ್ಕದಲ್ಲಿದ್ದುಕೊಂಡು ಒಳ್ಳೆ ಪುಡಿ ಸಿಗಲ್ಲ ಅನ್ನಬೇಡಿ!

ಔಷಧಿಯಲ್ಲಿ ಮೊದಲು ಇಸಬ್‌ಗೋಲ್. ತೆಳುವಾಗಿ ಹೋಗುವವರಿಗೂ, ಗಟ್ಟಿಯಾಗಿ ಹೋಗುವವರಿಗೂ ಆಗುತ್ತದೆ. ಒಂದು ಚಮಚದಿಂದ ಶುರು ಮಾಡಿ, ಜಾಸ್ತಿ ನೀರು ಕುಡಿಯಿರಿ. ಗೋಧಿ ಬೂಸಾ ಬೇಡ, ಉಬ್ಬರ ಹೆಚ್ಚುತ್ತದೆ. ಹಿಂಡುವ ನೋವಿಗೆ ಮೆಬೆವೆರಿನ್ ತರದ ಮಾತ್ರೆ ಇವೆ. ಪ್ರಯಾಣದ ದಿನ ಲೋಪರಮೈಡ್ ಭೇದಿ ತಡೆಯುತ್ತದೆ, ನೋವು ತಡೆಯುವುದಿಲ್ಲ. ಎರಡನ್ನೂ ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ. ಇವೆಲ್ಲ ಆಗದಿದ್ದರೆ ಅಮಿಟ್ರಿಪ್ಟಿಲಿನ್ ಬರೆಯಬಹುದು. ಚೀಟಿ ನೋಡಿ ‘ಇದು ಡಿಪ್ರೆಶನ್ ಮಾತ್ರೆ’ ಅಂತ ಅಂಗಡಿಯವರು ಹೇಳಿದರೆ ಗಾಬರಿ ಬೇಡ. ಇಲ್ಲಿ ಕೊಡುವುದು 10ರಿಂದ 30 ಮಿಲಿಗ್ರಾಂ, ಕರುಳಿನ ನರಗಳನ್ನು ತಣಿಸಲು. ಇಂಗ್ಲೆಂಡಿನಲ್ಲಿ 463 ಜನರ ಮೇಲೆ ಆರು ತಿಂಗಳು ನೋಡಿ, 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಔಷಧಿ ಇಲ್ಲದ ಖಾಲಿ ಮಾತ್ರೆಗಿಂತ ಇದೇ ಮೇಲು ಅಂತ ಕಂಡಿತು. ಬಾಯಿ ಒಣಗಬಹುದು, ನಿದ್ದೆ ಜಾಸ್ತಿ ಬರಬಹುದು. ರಾತ್ರಿ ತೆಗೆದುಕೊಳ್ಳುವುದು ಅದಕ್ಕೇ.

ಇನ್ನು ಬಸ್ಸು. ಏನಾದರೂ ತಿಂದರೆ, ಕುಡಿದರೆ ದೊಡ್ಡ ಕರುಳು ಕೆಲಸ ಶುರು ಮಾಡುತ್ತದೆ. ಬೆಳಿಗ್ಗೆ ಅದು ಇನ್ನೂ ಜೋರು. ನೀವು ಬಹುಶಃ ತಿಂಡಿ ತಿಂದ ಕೂಡಲೇ ಬಸ್‌ಸ್ಟ್ಯಾಂಡಿಗೆ ಓಡುತ್ತೀರಿ. ಮುಕ್ಕಾಲು ಗಂಟೆ ಬೇಗ ಎದ್ದು ತಿಂಡಿ ಮುಗಿಸಿ, ಕರುಳಿಗೆ ಮನೆಯಲ್ಲೇ ಅದರ ಸಮಯ ಕೊಡಿ. ಹಗರೆ ಹತ್ತಿರ ಹೆದರಿಕೆ ಬಂದಾಗ ಹೊಟ್ಟೆ ತುಂಬ ಉಸಿರೆಳೆದು ನಿಧಾನಕ್ಕೆ ಬಿಡಿ.

ಪೂರ್ತಿ ವಾಸಿ ಅಂತ ಮಾತು ಕೊಡಲಾರೆ. ಏರಿಳಿತ ಇದ್ದೇ ಇರುತ್ತದೆ. ಆದರೆ ಇದು ಕ್ಯಾನ್ಸರ್ ಆಗಿ ತಿರುಗುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪುಸ್ತಕದಲ್ಲಿ ಬರೆದಿಡಿ. ಮೊದಲು ಇಡ್ಲಿಯಿಂದ ಶುರು ಮಾಡಿ.

ಪ್ರಶ್ನೆ: ಅಮ್ಮನಿಗೆ 58. ಸಕಲೇಶಪುರದಲ್ಲಿದ್ದಾರೆ. ನಾಲ್ಕು ತಿಂಗಳಿಂದ ಮಲಬದ್ಧತೆ, ಸುಸ್ತು, ಸೀರೆಯ ರವಿಕೆ ಸಡಿಲವಾಗಿದೆ. ಇದೂ ಐಬಿಎಸ್ಸಾ?

ಉತ್ತರ: ಹಾಗಂತ ಅಂದುಕೊಳ್ಳಬೇಡಿ. 50 ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ, ತೂಕ ಇಳಿಕೆ, ರಕ್ತಹೀನತೆ, ಮಲದಲ್ಲಿ ರಕ್ತ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಇವುಗಳಲ್ಲಿ ಒಂದಿದ್ದರೂ ಮೊದಲು ಬೇರೆ ಕಾಯಿಲೆ ಇಲ್ಲ ಅಂತ ಖಾತ್ರಿ ಆಗಬೇಕು. ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿ, ದೊಡ್ಡ ಕರುಳನ್ನು ಕ್ಯಾಮೆರಾ ಹಾಕಿ ನೋಡುವ ಕೊಲೊನೋಸ್ಕೋಪಿ ಬಗ್ಗೆ ಕೇಳಿ. ಮದುವೆ ಕೆಲಸ, ಕಾಫಿ ಕೊಯ್ಲು ಅಂತ ಮುಂದೂಡಬೇಡಿ. ಈ ವಾರವೇ ಹಾಸನಕ್ಕೆ ಕರೆದುಕೊಂಡು ಬಂದು ತೋರಿಸಿ.