ರಿಯಾಯಿತಿ ಎಂಟನೇ ಕ್ಲಾಸಿಗೆ ಮಾತ್ರ

ಏಪ್ರಿಲ್, ಮೇ ಬಂತೆಂದರೆ ಮಕ್ಕಳ ಓದಿನ ಬಗ್ಗೆ ಸಲಹೆ ಕೇಳಲು ನನ್ನ ಹತ್ತಿರ ಬರುವವರದ್ದು ಒಂದೇ ಥರದ ಪ್ರಶ್ನೆ. "ಏಳನೇ ಕ್ಲಾಸ್ ಮುಗೀತು ಮೇಡಂ. ಮಗು ತುಂಬಾ ಚುರುಕು. ಸರ್ಕಾರಿ ಹೈಸ್ಕೂಲಿಗೆ ಹಾಕಿ ಹಾಳು ಮಾಡೋದಾ?" ಉತ್ತರ ಆ ಪ್ರಶ್ನೆಯಲ್ಲೇ ಇರುತ್ತದೆ. ಹೆಚ್ಚಿನವರು ಅಡ್ವಾನ್ಸ್ ಕಟ್ಟಿಯೇ ಬಂದಿರುತ್ತಾರೆ. ನಾನು "ಹೂಂ" ಅಂದರೆ ಸಾಕು, ನೆಮ್ಮದಿಯಿಂದ ಹೋಗುತ್ತಾರೆ. ನಾನು ಹಾಗೆ ಅನ್ನದೆ ಬೈಸಿಕೊಂಡ ಒಂದು ಪ್ರಕರಣ ಇದು. ಗುರುತು ಸಿಗದಂತೆ ವಿವರಗಳನ್ನು ಬದಲಾಯಿಸಿದ್ದೇನೆ.

ತುಮಕೂರು ಕಡೆಯ ಒಂದು ಹಳ್ಳಿ. ಸ್ವಲ್ಪ ತೆಂಗು, ಎರಡು ಸೀಮೆಹಸು, ಡೈರಿಗೆ ಹಾಕುವ ಹಾಲು. ಹುಡುಗಿ ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಏಳನೇ ಕ್ಲಾಸ್ ಮುಗಿಸಿದ್ದಳು. ಒಬ್ಬ ತಮ್ಮ. ಮುಂದಕ್ಕೆ ಎರಡು ದಾರಿ ಇದ್ದವು. ಒಂದು, ನಾಲ್ಕು ಕಿಲೋಮೀಟರ್ ದೂರದ ದೊಡ್ಡ ಹಳ್ಳಿಯ ಸರ್ಕಾರಿ ಪ್ರೌಢಶಾಲೆ. ಇನ್ನೊಂದು, ನಗರದ ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆ. ಎಂಟನೇ ಕ್ಲಾಸಿನಿಂದಲೇ ನೀಟ್, ಜೆಇಇ ಫೌಂಡೇಶನ್ ಕೋರ್ಸ್ ಇದೆ ಎಂದು ಅವರ ಬಸ್ಸಿನ ಮೇಲೇ ಬರೆದಿತ್ತಂತೆ.

ಅಪ್ಪ ಬರುವಾಗ ಒಂದು ಸರ್ಟಿಫಿಕೇಟ್ ತಂದಿದ್ದರು. ಲ್ಯಾಮಿನೇಶನ್ ಮಾಡಿಸಿದ್ದು. ಆ ಶಾಲೆ ನಡೆಸಿದ ಟ್ಯಾಲೆಂಟ್ ಟೆಸ್ಟಿನಲ್ಲಿ ಮಗಳಿಗೆ ಒಳ್ಳೆಯ ಅಂಕ ಬಂದಿತ್ತು, ಅದಕ್ಕೆ 40,000 ರೂಪಾಯಿ ರಿಯಾಯಿತಿ. (ಇಂಥ ಟೆಸ್ಟ್ ಬರೆದು ರಿಯಾಯಿತಿ ಸಿಗದ ಮಗುವನ್ನು ನಾನಿನ್ನೂ ನೋಡಿಲ್ಲ. ಇರಬಹುದು, ನನ್ನ ಹತ್ತಿರ ಬಂದಿಲ್ಲ.) "92,000 ಇದ್ದಿದ್ದು 52,000ಕ್ಕೆ ಬಂತು ಮೇಡಂ. ಮೂರು ವರ್ಷಕ್ಕೆ ಒಂದೂವರೆ ಲಕ್ಷ. ಒಂದು ಹಸು ಮಾರ್ತೀನಿ, ಉಳಿದಿದ್ದು ಮಹಿಳಾ ಸಂಘದಲ್ಲಿ ಸಾಲ ತಗೋತಾಳೆ ಇವಳು" ಅಂತ ಹೆಂಡತಿಯ ಕಡೆ ಕೈ ತೋರಿಸಿದರು. ಆಕೆ ತಲೆ ಆಡಿಸಿದರು.

ಹುಡುಗಿ ಅಷ್ಟೊತ್ತೂ ಫೀಸಿನ ಚೀಟಿ ಹಿಡಿದು ಕೂತಿದ್ದಳು. ನಾನು ಅವಳ ಕಡೆ ತಿರುಗಿ, "ನಿನಗೆ ಏನನ್ನಿಸುತ್ತೆ ಪುಟ್ಟಿ?" ಅಂದೆ. ಸಾಮಾನ್ಯವಾಗಿ ಈ ಪ್ರಶ್ನೆಗೆ ಮಕ್ಕಳು ಅಪ್ಪನ ಮುಖ ನೋಡುತ್ತಾರೆ. ಇವಳು ಚೀಟಿ ನೋಡಿದಳು.

"ರಿಯಾಯಿತಿ ಎಂಟನೇ ಕ್ಲಾಸಿಗೆ ಮಾತ್ರ ಮೇಡಂ. ಒಂಬತ್ತು, ಹತ್ತಕ್ಕೆ ಬರೆದಿಲ್ಲ."

"ನೀನು ಸುಮ್ನಿರು, ಅವರು ಬಾಯಲ್ಲಿ ಹೇಳಿದ್ದಾರೆ" ಅಂದರು ಅಪ್ಪ.

ಅವಳು ಸುಮ್ಮನಾಗಲಿಲ್ಲ. ಬಸ್ಸಿಗೆ ವರ್ಷಕ್ಕೆ 18,000 ಬೇರೆ. ಪುಸ್ತಕ, ಸಮವಸ್ತ್ರ, ಶೂ ಸೇರಿ 11,000. ಅಲ್ಲಿಗೆ ಎಂಟಕ್ಕೆ 81,000, ಒಂಬತ್ತಕ್ಕೆ 1,21,000, ಹತ್ತಕ್ಕೆ ಮತ್ತೆ 1,21,000. "ಒಟ್ಟು ಮೂರು ಲಕ್ಷದ ಇಪ್ಪತ್ಮೂರು ಸಾವಿರ ಅಪ್ಪ. ಅದೂ ಫೀಸು ಜಾಸ್ತಿ ಮಾಡದೇ ಇದ್ರೆ." ಆಮೇಲೆ ಸ್ವಲ್ಪ ತಡೆದು, "ಒಂದು ಹಸು ಮಾರಿದ್ರೆ ಡೈರಿ ಬಟವಾಡೆನೂ ಅರ್ಧ ಆಗುತ್ತೆ. ಸಂಘದ ಕಂತು ಎಲ್ಲಿಂದ ಕಟ್ಟೋದು?"

ಅಮ್ಮ ಆಗ ಬಾಯಿಬಿಟ್ಟರು. ಡೈರಿಯ ಲೆಕ್ಕ ಎಲ್ಲ ಇವಳದ್ದೇ. ಲೀಟರ್, ಫ್ಯಾಟು, ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ ಬಟವಾಡೆ ಎಷ್ಟು ಬರುತ್ತದೆಂದು ಮೊದಲೇ ಹೇಳುತ್ತಾಳೆ. ಒಂದು ಸಲ ಡೈರಿಯವರ ಲೆಕ್ಕದಲ್ಲೇ ತಪ್ಪು ಹಿಡಿದಿದ್ದಳಂತೆ.

ಅಪ್ಪ ಚೀಟಿ ಇಸ್ಕೊಂಡು ನೋಡಿದರು. ತುಂಬಾ ಹೊತ್ತು ಮಾತಾಡಲಿಲ್ಲ. ನನಗೆ ಅವರ ಮೇಲೆ ಕೋಪ ಬರಲಿಲ್ಲ. ಮಗಳಿಗಾಗಿ ಹಸು ಮಾರಲು ಹೊರಟ ಅಪ್ಪ ನಮ್ಮ ಕಡೆ ಅಪರೂಪ. ನಾನು ನೋಡುವ ಎಷ್ಟೋ ಮನೆಗಳಲ್ಲಿ ಮಗನನ್ನು ಕಾನ್ವೆಂಟಿಗೆ ಹಾಕಿ, ಅವನಿಗಿಂತ ಚೆನ್ನಾಗಿ ಓದುವ ಮಗಳನ್ನು ಸರ್ಕಾರಿ ಶಾಲೆಗೆ ಕಳಿಸುತ್ತಾರೆ. ಆ ಮನೆಗಳಿಗೆ ನಾನು ಹೇಳುವುದು ಬೇರೆ. ಇಲ್ಲಿನ ತೊಂದರೆ ಅದಲ್ಲ. ಇಲ್ಲಿ ಹುಡುಗಿಗೆ ಮನೆಯ ಒಂದೊಂದು ರೂಪಾಯಿಯೂ ಗೊತ್ತು. ಅಂಥ ಮಗು ಸಾಲದ ದುಡ್ಡಲ್ಲಿ ಓದಲು ಹೋದರೆ ಪ್ರತಿ ಕಿರುಪರೀಕ್ಷೆಯಲ್ಲೂ ಕಂತಿನ ಲೆಕ್ಕ ಮಾಡುತ್ತಾಳೆ. ಕನ್ನಡ ಮಾಧ್ಯಮದಿಂದ ಎದ್ದು ಹೋದವಳಿಗೆ ಎಂಟನೇ ಕ್ಲಾಸಲ್ಲಿ ಒಂದೆರಡು ಸಲವಾದರೂ ಕಡಿಮೆ ಅಂಕ ಬಂದೇ ಬರುತ್ತದೆ. ಬೇರೆ ಮಕ್ಕಳು ಅದನ್ನು ಅತ್ತು ಮರೆತುಬಿಡುತ್ತಾರೆ. ಇವಳು ಮರೆಯುವವಳಲ್ಲ.

ನಾನು ಅಪ್ಪನನ್ನು ಕೇಳಿದೆ, "ಆ ಸರ್ಕಾರಿ ಹೈಸ್ಕೂಲ್ ಒಳಗೆ ಯಾವಾಗಲಾದರೂ ಹೋಗಿದ್ದೀರಾ?"

"ಹೋಗಿದ್ದೀನಿ ಮೇಡಂ. ಓಟು ಹಾಕೋಕೆ."

ಖಾಸಗಿ ಶಾಲೆಗೆ ಮಾತ್ರ ಮತ್ತೆ ಮತ್ತೆ ಹೋಗಿ ಬಂದಿದ್ದರು. ಅವರೇ ಕರೆದು, ಎಸಿ ರೂಮಲ್ಲಿ ಕೂರಿಸಿ, ಕಾಫಿ ಕೊಟ್ಟಿದ್ದರು. ಸರ್ಕಾರಿ ಶಾಲೆ ಯಾರನ್ನೂ ಹಾಗೆ ಕರೆಯುವುದಿಲ್ಲ. ಹಾಗಾಗಿ ನಮ್ಮ ಜನ ನೋಡಿದ ಶಾಲೆಯನ್ನೂ ನೋಡದ ಶಾಲೆಯನ್ನೂ ಪಕ್ಕಪಕ್ಕ ಇಟ್ಟು ಹೋಲಿಸುತ್ತಾರೆ.

ಅವತ್ತು ನಾನು ತೀರ್ಪು ಕೊಡಲಿಲ್ಲ. ಶಾಲೆ ನಡೆಯುವ ದಿನ ಹೋಗಿ ಹೆಡ್‌ಮಾಸ್ಟರನ್ನು ಕಂಡು ಕೇಳಿಕೊಂಡು ಬನ್ನಿ ಅಂದೆ. ಗಣಿತ, ವಿಜ್ಞಾನ, ಇಂಗ್ಲಿಷಿಗೆ ಕಾಯಂ ಮೇಷ್ಟ್ರು ಇದ್ದಾರಾ, ಅತಿಥಿ ಶಿಕ್ಷಕರಾ? ಅತಿಥಿ ಶಿಕ್ಷಕರಾದರೆ ಹೋದ ವರ್ಷ ಯಾವ ತಿಂಗಳಲ್ಲಿ ಬಂದರು? ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತದ ಅಂಕ ಹೇಗಿದೆ? ಒಟ್ಟು ಫಲಿತಾಂಶ ಬೇಡ, ಗಣಿತ ಒಂದೇ ಸಾಕು. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್ ಕ್ಯಾಮೆರಾ ಬಂದ ಮೇಲೆ ರಾಜ್ಯದ ಫಲಿತಾಂಶವೇ ಶೇ. 83.89ರಿಂದ ಶೇ. 73.40ಕ್ಕೆ ಇಳಿಯಿತು. ಹಾಗಾಗಿ ಅದಕ್ಕಿಂತ ಹಳೆಯ "ನೂರಕ್ಕೆ ನೂರು" ಬೋರ್ಡು ಯಾವ ಶಾಲೆಯದ್ದೇ ಇರಲಿ, ನಾನು ಲೆಕ್ಕಕ್ಕೆ ತಗೊಳ್ಳುವುದಿಲ್ಲ.

ಜೂನ್ ಮೊದಲ ವಾರ ವಾಪಸ್ ಬಂದರು. ಗಣಿತಕ್ಕೂ ವಿಜ್ಞಾನಕ್ಕೂ ಕಾಯಂ ಶಿಕ್ಷಕರಿದ್ದರು. ಗಣಿತದ ಮೇಡಂ ಬೆಳಿಗ್ಗೆ ಶಾಲೆ ಶುರುವಾಗುವ ಮೊದಲೇ ಹತ್ತನೇ ಕ್ಲಾಸಿನವರಿಗೆ ಪಾಠ ಮಾಡುತ್ತಾರೆ. ಇಂಗ್ಲಿಷಿಗೆ ಹುದ್ದೆ ಖಾಲಿ. ಹೋದ ವರ್ಷ ಅತಿಥಿ ಶಿಕ್ಷಕರು ಬರುವಷ್ಟರಲ್ಲಿ ಜುಲೈ ಮುಗಿದಿತ್ತು.

ನನ್ನ ಸಲಹೆ: ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ, ಇಂಗ್ಲಿಷಿಗೆ ಮಾತ್ರ ಹೊರಗೆ ಟ್ಯೂಷನ್. ಹಸು ಮಾರುವುದು ಬೇಡ.

ಇದಕ್ಕೆ ಕಾರಣಗಳಿವೆ, ಹಲವರಿಗೆ ಗೊತ್ತಿರುವುದಿಲ್ಲ. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಸಿಇಟಿ ಮೂಲಕ ಸಿಗುವ ಸರ್ಕಾರಿ ಸೀಟುಗಳಲ್ಲಿ ಶೇ. 15 ಮೀಸಲಾತಿ ಇದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5. ಎರಡಕ್ಕೂ ಹತ್ತು ವರ್ಷ ಪೂರ್ತಿ ಬೇಕು. ಏಳು ವರ್ಷ ಹಳ್ಳಿಯಲ್ಲಿ ಓದಿ ಕೊನೆಯ ಮೂರು ವರ್ಷ ನಗರಕ್ಕೆ ಹೋದರೆ ಆ ಏಳಕ್ಕೂ ಬೆಲೆ ಇಲ್ಲ. ರಾಜ್ಯ ಸರ್ಕಾರಿ ನೌಕರಿಯಲ್ಲೂ ಇಂಥದ್ದೇ ಮೀಸಲಾತಿ ಇದೆ. ಮೂರು ಲಕ್ಷ ಖರ್ಚು ಮಾಡಿ ಕೈಯಲ್ಲಿದ್ದದ್ದನ್ನೇ ಕಳೆದುಕೊಳ್ಳೋದು ಅಂದ್ರೆ ಇದೇ ಅಲ್ವಾ? ವಿದ್ಯಾರ್ಥಿವೇತನಕ್ಕಾಗಿ ಎಂಟನೇ ಕ್ಲಾಸಲ್ಲಿ ಬರೆಯುವ ಎನ್‌ಎಂಎಂಎಸ್ ಪರೀಕ್ಷೆಯೂ ಹಾಗೆಯೇ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ಕ್ಲಾಸಿನವರೆಗೆ ವರ್ಷಕ್ಕೆ 12,000 ರೂಪಾಯಿ. ಅದು ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ, ಮನೆಯ ಆದಾಯ ವರ್ಷಕ್ಕೆ 3.5 ಲಕ್ಷ ಮೀರಬಾರದು.

"ಫೌಂಡೇಶನ್ ಇಲ್ದೆ ಡಾಕ್ಟರ್ ಹೇಗಾಗ್ತಾಳೆ?" ಅಂದರು ಅಪ್ಪ. ನಮ್ಮ ರಾಜ್ಯದ ಹೈಸ್ಕೂಲ್ ಗಣಿತ, ವಿಜ್ಞಾನದ ಪಠ್ಯಗಳು ಎನ್‌ಸಿಇಆರ್‌ಟಿಯನ್ನೇ ಆಧರಿಸಿವೆ. ಆ ಪಾಠಗಳನ್ನು ಅರ್ಥ ಮಾಡಿಕೊಂಡು ಓದಿದರೆ ಅದೇ ಫೌಂಡೇಶನ್. ಪಿಯುಸಿಯಲ್ಲಿ ಎಲ್ಲ ಇಂಗ್ಲಿಷಿಗೆ ತಿರುಗುತ್ತದೆ, ಆಗ ಕಷ್ಟ ಆಗುತ್ತದೆ, ಅದನ್ನು ನಾನು ಮುಚ್ಚಿಡಲಿಲ್ಲ. ಅದಕ್ಕೇ ಹುಡುಗಿಗೆ ಒಂದು ಕೆಲಸ ಕೊಟ್ಟೆ. ವಿಜ್ಞಾನದ ಪ್ರತಿ ಪಾಠ ಮುಗಿದ ಮೇಲೆ ಅದೇ ಪಾಠವನ್ನು ಇಂಗ್ಲಿಷ್ ಪುಸ್ತಕದಲ್ಲಿ ಓದಬೇಕು. ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಎರಡೂ ಮಾಧ್ಯಮದ ಪುಸ್ತಕ ಬಿಟ್ಟಿಯಾಗಿ ಸಿಗುತ್ತವೆ. ದ್ಯುತಿಸಂಶ್ಲೇಷಣೆ ಏನೆಂದು ಗೊತ್ತಿರುವವಳಿಗೆ ಫೋಟೋಸಿಂಥೆಸಿಸ್ ಬರೀ ಇನ್ನೊಂದು ಹೆಸರು. ಏನೂ ಗೊತ್ತಿಲ್ಲದೆ ಫೋಟೋಸಿಂಥೆಸಿಸ್ ಉರುಹೊಡೆದವಳ ಕಷ್ಟ ದೊಡ್ಡದು.

ಈ ಸಲಹೆ ಕೇಳಿದ ನನ್ನ ಸ್ನೇಹಿತೆಯೊಬ್ಬರು ನೇರವಾಗಿ, "ನಿನ್ನ ಮಗ ಎಲ್ಲಿ ಓದಿದ?" ಅಂದರು. ಖಾಸಗಿ ಶಾಲೆಯಲ್ಲಿ. ಇಬ್ಬರ ಸಂಬಳ ಬರುವ ಮನೆ ನಮ್ಮದು, ಫೀಸಿಗೆ ಏನನ್ನೂ ಮಾರಲಿಲ್ಲ. ನಾನು ಸರ್ಕಾರಿ ಶಾಲೆಯ ಪ್ರಚಾರಕ್ಕೆ ಹೊರಟವಳಲ್ಲ. ಇದೇ ಬೇಸಿಗೆಯಲ್ಲಿ ಇನ್ನೊಬ್ಬ ಹುಡುಗನಿಗೆ ಖಾಸಗಿಗೇ ಹೋಗು ಅಂದಿದ್ದೇನೆ. ಅವನ ಊರಿನ ಹೈಸ್ಕೂಲಿನಲ್ಲಿ ಗಣಿತಕ್ಕೆ ಎರಡು ವರ್ಷದಿಂದ ಕಾಯಂ ಮೇಷ್ಟ್ರು ಇರಲಿಲ್ಲ. ಅವನ ಅಪ್ಪನಿಗೆ ಕಟ್ಟುವ ಶಕ್ತಿ ಇತ್ತು. ಬುದ್ಧಿವಂತ ಮಗುವಿಗೆ ಬೇಕಿರುವುದು ಜುಲೈಯಲ್ಲೂ ಕ್ಲಾಸಿಗೆ ಬರುವ ಮೇಷ್ಟ್ರು, ರಾತ್ರಿ ನಿದ್ದೆ ಬರುವಂಥ ಮನೆ. ಬೋರ್ಡಿನ ಮೇಲೆ ಏನು ಬರೆದಿದೆ ಅನ್ನುವುದು ಆಮೇಲಿನ ಮಾತು.

ಹುಡುಗಿ ಈಗ ಒಂಬತ್ತನೇ ಕ್ಲಾಸು. ಎನ್‌ಎಂಎಂಎಸ್ ಸಿಗಲಿಲ್ಲ. ಅಪ್ಪ ಫೋನ್ ಮಾಡಿ, "ನಿಮ್ಮ ಮಾತು ಕೇಳಿದ್ದಕ್ಕೆ ಅದೂ ಇಲ್ಲ, ಇದೂ ಇಲ್ಲ" ಅಂತ ರೇಗಿದರು. ಅದು ಸಿಗಲೇಬೇಕೆಂದು ನಾನು ಲೆಕ್ಕಕ್ಕೆ ಸೇರಿಸಿರಲಿಲ್ಲ, ಸಿಕ್ಕರೆ ಲಾಭ ಅಂದಿದ್ದೆ. ಸಲಹೆ ಬದಲಿಸುವ ಕಾರಣ ನನಗಿನ್ನೂ ಕಂಡಿಲ್ಲ. ಗಣಿತದಲ್ಲಿ ಕ್ಲಾಸಿಗೇ ಮೊದಲಿಗಳು, ಇಂಗ್ಲಿಷ್ ಮಾತ್ರ ಇನ್ನೂ ಎಳೆದಾಟ. ಟ್ಯೂಷನ್ ಮುಂದುವರಿದಿದೆ. ತಮ್ಮ ಐದನೇ ಕ್ಲಾಸಿಗೆ ಬಂದಿದ್ದಾನೆ. ಸರ್ಕಾರವೇ ನಡೆಸುವ ಇಂಗ್ಲಿಷ್ ಮಾಧ್ಯಮದ ಆದರ್ಶ ವಿದ್ಯಾಲಯದ ಆರನೇ ಕ್ಲಾಸಿಗೆ ಪ್ರವೇಶ ಪರೀಕ್ಷೆ ಇರುವುದು ಇವಳು ಐದರಲ್ಲಿದ್ದಾಗ ಆ ಮನೆಗೆ ಗೊತ್ತೇ ಇರಲಿಲ್ಲ. ಈ ಸಲ ಅರ್ಜಿ ಯಾವಾಗ ಬಿಡುತ್ತಾರೆ, ಏನೇನು ದಾಖಲೆ ಬೇಕು ಎಂದು ಅಪ್ಪನ ಫೋನಿನಿಂದ ನನಗೆ ಮೆಸೇಜ್ ಬಂತು. ಕೊನೆಯಲ್ಲಿ "ಫೀಸು ಎಷ್ಟು, ಮೂರು ವರ್ಷಕ್ಕಲ್ಲ, ಐದೂ ವರ್ಷಕ್ಕೆ ಹೇಳಿ ಮೇಡಂ" ಎಂದಿತ್ತು. ಕಳಿಸಿದ್ದು ಅಪ್ಪ ಅಲ್ಲ ಅನ್ನುವುದು ಗೊತ್ತಾಯಿತು.