ಉತ್ತಮ ಸಂಖ್ಯಾಶಾಸ್ತ್ರದಿಂದ ಪ್ರಯೋಗಾಲಯದ ಪ್ರಾಣಿಗಳ ಬಳಕೆ ಹೇಗೆ ತಗ್ಗುತ್ತದೆ?

ಪ್ರಾಣಿಗಳ ನಡುವಿನ ಸಹಜ ವ್ಯತ್ಯಾಸವನ್ನು ಲೆಕ್ಕದೊಳಗೆ ತರುವುದರಿಂದ. ಔಷಧ ಕೊಟ್ಟ ಇಲಿಗಳನ್ನು ಕೊಡದ ಇಲಿಗಳೊಂದಿಗೆ ಹೋಲಿಸುತ್ತೀರಿ ಎನ್ನಿ. ಪರಿಣಾಮ ಒಂದು ಮಾನಕ ವಿಚಲನೆಯಷ್ಟಿದ್ದರೆ (ಅಂದರೆ ಇಲಿಗಳ ಅಳತೆಗಳು ಸರಾಸರಿಯಿಂದ ಸಾಮಾನ್ಯವಾಗಿ ಚದುರುವಷ್ಟಿದ್ದರೆ), ಶೇ. 5ರ ಮಟ್ಟದಲ್ಲಿ (ಇಲ್ಲದ ಪರಿಣಾಮವನ್ನು ಇದೆಯೆಂದು ತಪ್ಪಾಗಿ ತಿಳಿಯುವ ಸಾಧ್ಯತೆಯನ್ನು ಶೇ. 5ಕ್ಕೆ ಮಿತಿಗೊಳಿಸಿ) ಅದನ್ನು ಶೇ. 80ರ ಸಂಭವನೀಯತೆಯಿಂದ ಪತ್ತೆಹಚ್ಚಲು ಗುಂಪಿಗೆ ಸುಮಾರು 17 ಇಲಿಗಳು ಬೇಕು. ಆದರೆ ಪ್ರತಿ ಇಲಿಯ ಆರಂಭಿಕ ಅಳತೆಯನ್ನೂ ವಿಶ್ಲೇಷಣೆಯಲ್ಲಿ ಸೇರಿಸಿದರೆ, ಅದಕ್ಕೂ ಕೊನೆಯ ಅಳತೆಗೂ 0.7ರಷ್ಟು ಸಹಸಂಬಂಧವಿದ್ದಾಗ (ಸಂಬಂಧವೇ ಇಲ್ಲದಿದ್ದರೆ 0, ಪೂರ್ಣವಾಗಿದ್ದರೆ 1), ಸುಮಾರು 10 ಸಾಕು. ಅಷ್ಟು ಜೀವಗಳು ಉಳಿಯುವುದು ಬರಿಯ ಲೆಕ್ಕಾಚಾರದಿಂದ!

ಒಂದೇ ಪ್ರಯೋಗದಲ್ಲಿ ಎರಡು ಅಂಶಗಳನ್ನು ಒಟ್ಟಿಗೆ ಪರೀಕ್ಷಿಸುವ ವಿನ್ಯಾಸವೂ ನೆರವಾಗುತ್ತದೆ.

ಹಾಗೆಂದು ಮನಬಂದಂತೆ ಸಂಖ್ಯೆ ಕಡಿತಗೊಳಿಸಬೇಡಿ. ಸ್ಪಷ್ಟ ಉತ್ತರ ಕೊಡಲಾಗದಷ್ಟು ಚಿಕ್ಕ ಪ್ರಯೋಗದಲ್ಲಿ ಬಳಸಿದ ಪ್ರತಿಯೊಂದು ಪ್ರಾಣಿಯೂ ವ್ಯರ್ಥವಾಗಿ ಸಾಯುತ್ತದೆ; ನನ್ನನ್ನು ಹೆಚ್ಚು ಕಾಡುವುದು ಇದೇ. ಆದ್ದರಿಂದ ಸಂಖ್ಯಾಶಾಸ್ತ್ರಜ್ಞರನ್ನು ಪ್ರಯೋಗ ಆರಂಭಿಸುವ ಮೊದಲೇ ಕೇಳಿ.