ಎಪ್ಪತ್ತೈದಾದ ಮೇಲೂ ಆದಾಯದ ಲೆಕ್ಕ ಒಪ್ಪಿಸಬೇಕೇ?

ಓದುಗರ ಪತ್ರ: ‘ನನ್ನ ಅಕ್ಕನಿಗೆ 78 ವರ್ಷ. ಭಾವ ತೀರಿಕೊಂಡ ಮೇಲೆ ಇಂಗ್ಲೆಂಡಿನಲ್ಲಿ ಮಗನ ಮನೆ ಸೇರಿದ್ದಾಳೆ. ಗ್ಲಾಕೋಮಾದಿಂದ ಕಣ್ಣು ಬಹುತೇಕ ಹೋಗಿದೆ, ಆದರೂ ಟಿವಿ ಬಿಡುವುದಿಲ್ಲ. ಅಲ್ಲಿ ಟಿವಿಗೆ ವರ್ಷವರ್ಷವೂ ಲೈಸೆನ್ಸ್ ಕಟ್ಟಬೇಕಂತೆ, 2025-26ರಲ್ಲಿ ಅದು 174.50 ಪೌಂಡ್ ಇತ್ತಂತೆ. 75 ದಾಟಿದವರಿಗೆಲ್ಲ ಮೊದಲು ಪುಕ್ಕಟೆ ಇತ್ತಂತೆ, ಈಗ ಬಡವರಿಗಷ್ಟೇ ಅಂತೆ. ನನಗಂತೂ ಸರಿ ಎನಿಸಿತು. ಕೈತುಂಬ ದುಡಿಯುವ ಮಗನ ಮನೆಯಲ್ಲಿರುವ ಅಕ್ಕನಿಗೆ ಸರ್ಕಾರ ಯಾಕೆ ಟಿವಿ ತೋರಿಸಬೇಕು? ನಮ್ಮಲ್ಲೂ ಬರೀ ವಯಸ್ಸು ನೋಡಿ ಕೊಡುವ ರಿಯಾಯಿತಿ ನಿಲ್ಲಿಸಿ, ಆದಾಯ ನೋಡಿ ಕೊಡಲಿ.’
– ಅರ್ಥಶಾಸ್ತ್ರದ ನಿವೃತ್ತ ಉಪನ್ಯಾಸಕಿ, ದಾವಣಗೆರೆ

ಸಂಪಾದಕರ ಉತ್ತರ:

ಒಪ್ಪಬೇಕಾದ್ದನ್ನು ಮೊದಲೇ ಒಪ್ಪಿಬಿಡುತ್ತೇವೆ. ಈ ಲೈಸೆನ್ಸ್ ಹಣದಲ್ಲಿ ನಡೆಯುವ ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಬಿಬಿಸಿಯ ಲೆಕ್ಕ ಸುಳ್ಳಲ್ಲ. 75 ದಾಟಿದವರೆಲ್ಲರಿಗೂ ಪುಕ್ಕಟೆ ಮುಂದುವರಿಸಿದ್ದರೆ 2021-22ರ ಹೊತ್ತಿಗೆ ವರ್ಷಕ್ಕೆ 74.5 ಕೋಟಿ ಪೌಂಡ್ ಬೇಕಾಗುತ್ತಿತ್ತು. ಬಿಬಿಸಿ ಟೂ, ಬಿಬಿಸಿ ಫೋರ್, ಸುದ್ದಿ ವಾಹಿನಿ, ರೇಡಿಯೊ 5 ಲೈವ್, ಅವುಗಳ ಜೊತೆಗೆ ಒಂದಿಷ್ಟು ಸ್ಥಳೀಯ ರೇಡಿಯೊ ಕೇಂದ್ರಗಳನ್ನು ಮುಚ್ಚಬೇಕಾದಷ್ಟು ದೊಡ್ಡ ಮೊತ್ತ ಅದು ಎಂದು 2019ರಲ್ಲಿ ಅವರೇ ಹೇಳಿದರು. ಬಾಡಿಗೆ ಕೋಣೆಯ ಹುಡುಗಿ ಪೂರ್ತಿ ಕಟ್ಟುವಾಗ ನಾಲ್ಕು ಮನೆಯ ಬಾಡಿಗೆ ಎಣಿಸುವ ಯಜಮಾನರಿಗೆ ಮಾಫಿ ಯಾಕೆ ಎಂಬ ಪ್ರಶ್ನೆಯೂ ನ್ಯಾಯವೇ. ಆಯಿತು.

ಆದರೆ ಈ 74.5 ಕೋಟಿ ಬಿಬಿಸಿಯ ತಲೆಗೆ ಬಂದದ್ದು ಹೇಗೆ? ಗಾರ್ಡನ್ ಬ್ರೌನ್ ಹಣಕಾಸು ಮಂತ್ರಿಯಾಗಿದ್ದಾಗ 1999ರಲ್ಲಿ ಘೋಷಿಸಿ, 2000ದ ನವೆಂಬರ್ 1ರಿಂದ ಜಾರಿಯಾದ ಸವಲತ್ತು ಇದು. ಆಗ ಹಣ ಹೋಗುತ್ತಿದ್ದುದು ಸರ್ಕಾರದ ಖಜಾನೆಯಿಂದ. ಸವಲತ್ತು ಕೊಟ್ಟವರೇ ಬಿಲ್ಲನ್ನೂ ಕಟ್ಟುತ್ತಿದ್ದರು. 2015ರ ಜುಲೈಯಲ್ಲಿ ಆಗಿನ ಹಣಕಾಸು ಮಂತ್ರಿ ಜಾರ್ಜ್ ಆಸ್ಬೋರ್ನ್ ಆ ಬಿಲ್ಲನ್ನು ಮೂರು ಕಂತಿನಲ್ಲಿ ಬಿಬಿಸಿಗೆ ದಾಟಿಸಿದರು. 2017ರ ಕಾನೂನು, ಯಾರಿಗೆ ಕೊಡಬೇಕು, ಯಾರಿಗೆ ಬೇಡ ಎಂದು ತೀರ್ಮಾನಿಸುವ ಹೊಣೆಯನ್ನೂ ಅದಕ್ಕೇ ಕಟ್ಟಿತು. ಅದೇ ವರ್ಷದ ಚುನಾವಣೆಯಲ್ಲಿ, ಆಗ ಆಳುತ್ತಿದ್ದ ಕನ್ಸರ್ವೇಟಿವ್ ಪಕ್ಷದ ಪ್ರಣಾಳಿಕೆ ವೃದ್ಧರ ಟಿವಿ ಲೈಸೆನ್ಸಿಗೆ ಕೈಹಾಕುವುದಿಲ್ಲ ಎಂದು ಮಾತು ಕೊಟ್ಟಿತ್ತು! ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದ ಹಾಗೆ. ಕೊನೆಗೆ 2020ರ ಆಗಸ್ಟ್ 1ರಿಂದ, ಬಡ ವೃದ್ಧರಿಗೆ ಸರ್ಕಾರ ಕೊಡುವ ‘ಪೆನ್ಷನ್ ಕ್ರೆಡಿಟ್’ ಎಂಬ ನೆರವು ಪಡೆಯುವವರಿಗೆ ಮಾತ್ರ ಪುಕ್ಕಟೆ ಎಂದಾಯಿತು. ಬೈಗುಳ ತಿಂದದ್ದು ಬಿಬಿಸಿ. ವೃದ್ಧರ ಕಲ್ಯಾಣ ಸರ್ಕಾರದ ಕೆಲಸವೋ, ಧಾರಾವಾಹಿ ಮಾಡುವವರ ಕೆಲಸವೋ? ನಿಮ್ಮ ಪತ್ರ ಈ ಪ್ರಶ್ನೆಯ ಹತ್ತಿರವೇ ಸುಳಿದಿಲ್ಲ.

ಈಗ ನಿಮ್ಮ ಆದಾಯ ಪರೀಕ್ಷೆಗೆ ಬರೋಣ. ಅರ್ಥಶಾಸ್ತ್ರ ಪಾಠ ಹೇಳಿದವರು ನೀವು, ಲೆಕ್ಕವನ್ನೇ ಮುಂದಿಡುತ್ತೇವೆ. ಪೆನ್ಷನ್ ಕ್ರೆಡಿಟ್ ಎಂದರೆ ವೃದ್ಧರ ವಾರದ ವರಮಾನ ಒಂದು ಮಟ್ಟಕ್ಕಿಂತ ಕಡಿಮೆ ಇದ್ದರೆ ಅದನ್ನು ಆ ಮಟ್ಟಕ್ಕೆ ತುಂಬಿಕೊಡುವ ನೆರವು. 2025-26ರಲ್ಲಿ ಒಂಟಿ ವ್ಯಕ್ತಿಗೆ ಆ ಮಟ್ಟ ವಾರಕ್ಕೆ 227.10 ಪೌಂಡ್ ಇತ್ತು. 2016ರ ಏಪ್ರಿಲ್ ನಂತರ ನಿವೃತ್ತಿ ವಯಸ್ಸು ಮುಟ್ಟಿದವರಿಗೆ ಸಿಗುವ ಹೊಸ ಸರ್ಕಾರಿ ಪಿಂಚಣಿ, ಪೂರ್ತಿ ಸಿಕ್ಕರೆ, ಆ ವರ್ಷ ವಾರಕ್ಕೆ 230.25 ಪೌಂಡ್. ಅಂದರೆ ಸರ್ಕಾರಿ ಪಿಂಚಣಿ ಬಿಟ್ಟು ಬೇರೆ ಒಂದು ಕಾಸೂ ಇಲ್ಲದವರು ಕೂಡ, ಅಂಗವಿಕಲತೆಯಂಥ ಕಾರಣಕ್ಕೆ ಸಿಗುವ ಹೆಚ್ಚುವರಿ ಇಲ್ಲದಿದ್ದರೆ, ಗೆರೆಯಿಂದ 3.15 ಪೌಂಡ್ ಮೇಲೆ. ವರ್ಷಕ್ಕೆ 163.80. ಆ 163.80 ಹೆಚ್ಚಿದೆ ಎಂಬ ತಪ್ಪಿಗೆ ಅವರು ಕಟ್ಟಬೇಕಾದ ಲೈಸೆನ್ಸ್, ಆ ವರ್ಷದ ದರದಲ್ಲಿ, 174.50! ಕಟ್ಟಿದ ಮೇಲೆ, ಪುಕ್ಕಟೆ ಸಿಗುವ ಬಡವರಿಗಿಂತ 10.70 ಪೌಂಡ್ ಹೆಚ್ಚು ಬಡವರು. ಹೊಸ ಪಿಂಚಣಿಯ ಮೊದಲ ತಂಡದ ಗಂಡಸರಿಗೆ 2026ರ ಏಪ್ರಿಲ್‌ನಿಂದ 75 ತುಂಬುತ್ತದೆ. ಈ ಕಿರಿಕಿರಿ ಇನ್ನು ವರ್ಷವರ್ಷವೂ ಬೆಳೆಯುವುದೇ.

ಉಳಿತಾಯದ ನಿಯಮ ಇನ್ನೂ ಸೊಗಸು. ಬ್ಯಾಂಕಿನಲ್ಲಿರುವ ಮೊದಲ 10,000 ಪೌಂಡ್ ಲೆಕ್ಕಕ್ಕಿಲ್ಲ. ಅದರ ಮೇಲಿನ ಪ್ರತಿ 500 ಪೌಂಡಿಗೆ ವಾರಕ್ಕೆ 1 ಪೌಂಡ್ ಆದಾಯ ಬರುತ್ತಿದೆ ಎಂದು ಹಿಡಿಯುತ್ತಾರೆ. ವರ್ಷಕ್ಕೆ 52 ಪೌಂಡ್, ಎಂದರೆ ನೂರಕ್ಕೆ ಹತ್ತರ ಮೇಲೆ ಬಡ್ಡಿ. ಅಷ್ಟು ಬಡ್ಡಿ ಕೊಡುವ ಬ್ಯಾಂಕು ಯಾವುದು? ಅಂತ್ಯಸಂಸ್ಕಾರದ ಖರ್ಚಿಗೆಂದು 14,000 ಎತ್ತಿಟ್ಟುಕೊಂಡ ಮುದುಕಿಗೆ ವಾರಕ್ಕೆ 8 ಪೌಂಡ್ ಕಾಲ್ಪನಿಕ ಆದಾಯ.

ಇನ್ನು ನಿಮ್ಮ ‘ಕೈತುಂಬ ದುಡಿಯುವ ಮಗ’ನ ವಿಷಯ. ಪೆನ್ಷನ್ ಕ್ರೆಡಿಟ್ ನೋಡುವುದು ವೃದ್ಧರ ಮತ್ತು ಅವರ ಸಂಗಾತಿಯ ಆದಾಯವನ್ನು ಮಾತ್ರ. ಜೊತೆಯಲ್ಲಿರುವ ಮಗ ಲಕ್ಷ ಪೌಂಡ್ ದುಡಿಯುವ ವೈದ್ಯನಾಗಿದ್ದರೂ ತಾಯಿಯ ಅರ್ಜಿಗೆ ಅಡ್ಡಿಯಿಲ್ಲ. ಲೈಸೆನ್ಸ್ ಇರುವುದು ಮನೆಗೆ, ಆದ್ದರಿಂದ ತಾಯಿಯ ಹೆಸರಿನ ಪುಕ್ಕಟೆ ಲೈಸೆನ್ಸಿನಲ್ಲಿ ವೈದ್ಯರ ಮನೆ ಪೂರಾ ಟಿವಿ ನೋಡಬಹುದು, ಕಾನೂನುಬದ್ಧವಾಗಿಯೇ. ನೀವು ಹೊರಗಿಡಬೇಕೆಂದವರು ಒಳಗೇ ಉಳಿದರು, 3.15 ಪೌಂಡಿನವರು ಹೊರಬಿದ್ದರು. ಸಿರಿವಂತರನ್ನು ಸೋಸಲು ಹಾಕಿದ ಜರಡಿಯ ಗತಿ ಇದು.

ಗೆರೆಯ ಕೆಳಗಿದ್ದರೂ ಸಿಗುತ್ತದೆಯೇ? ಕೇಳಿದರೆ ಮಾತ್ರ ಸಿಗುತ್ತದೆ. ಅರ್ಹ ಕುಟುಂಬಗಳಲ್ಲಿ ಸುಮಾರು ಮೂರನೇ ಒಂದು ಪಾಲು ಪೆನ್ಷನ್ ಕ್ರೆಡಿಟ್ಟಿಗೆ ಅರ್ಜಿಯನ್ನೇ ಹಾಕುವುದಿಲ್ಲ ಎಂಬುದು ಅಲ್ಲಿನ ಸರ್ಕಾರದ್ದೇ ಅಂದಾಜು. ಅರ್ಜಿಯಲ್ಲಿ ಇನ್ನೂರಕ್ಕೂ ಹೆಚ್ಚು ಪ್ರಶ್ನೆ. ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ, ಎಲ್ಲ ಖಾತೆಗಳ ಮೊತ್ತ, ಖಾಸಗಿ ಪಿಂಚಣಿ, ಷೇರು, ಬಾಡಿಗೆ ಎಲ್ಲ ಹೇಳಬೇಕು. ಅದು ಮಂಜೂರಾದ ಮೇಲೆ ಆ ಪತ್ರದ ನಕಲು ಇಟ್ಟು ಟಿವಿ ಲೈಸೆನ್ಸಿಗೆ ಇನ್ನೊಂದು ಅರ್ಜಿ, ಏಕೆಂದರೆ ಪೆನ್ಷನ್ ಕ್ರೆಡಿಟ್ ಬಂದ ಮಾತ್ರಕ್ಕೆ ಲೈಸೆನ್ಸ್ ತಾನಾಗಿ ಬರುವುದಿಲ್ಲ. ತಡವಾಗಿ ಕೇಳಿದರೆ ಹಿಂಬಾಕಿ ಸಿಗುವುದು ಹೆಚ್ಚೆಂದರೆ ಮೂರು ತಿಂಗಳದ್ದು. ಈ ಎರಡು ಬಾಗಿಲು ದಾಟಲಾಗದೆ ಹಿಂದಕ್ಕೆ ಉಳಿಯುವವರು ಯಾರು? ಕೈ ನಡುಗುವವರು, ಕಿವಿ ಕೇಳದವರು, ‘ನಾನು ಬಡವಿ’ ಎಂದು ಬರೆದುಕೊಡಲು ಮನಸ್ಸಾಗದವರು. ನಾಲ್ಕು ಮನೆಯ ಯಜಮಾನರಿಗಾದರೆ ಲೆಕ್ಕಪರಿಶೋಧಕರು ಇರುತ್ತಾರೆ.

ಸೋಜಿಗವೆಂದರೆ, ಈ ಶುಲ್ಕ ಹುಟ್ಟಿದಾಗಿನಿಂದ ಯಾರ ಆದಾಯವನ್ನೂ ಕೇಳಿದ್ದಲ್ಲ. 1922ರ ರೇಡಿಯೊ ಲೈಸೆನ್ಸ್ 10 ಶಿಲ್ಲಿಂಗ್, 1946ರ ಟಿವಿ ಲೈಸೆನ್ಸ್ 2 ಪೌಂಡ್, ದೊರೆಗೂ ಅಷ್ಟೇ, ಕಸ ಗುಡಿಸುವವರಿಗೂ ಅಷ್ಟೇ. ಇಂದಿಗೂ ಕೋಟ್ಯಧಿಪತಿ ಕಟ್ಟುವುದು ಎಲ್ಲರಷ್ಟೇ. ಆದಾಯ ನೋಡಲೇಬೇಕು ಎಂದಿದ್ದರೆ ಅಲ್ಲಿ ನೋಡಿ: ಫಿನ್ಲೆಂಡ್ 2013ರಿಂದ, ಸ್ವೀಡನ್ 2019ರಿಂದ ಲೈಸೆನ್ಸ್ ಪದ್ಧತಿಯನ್ನೇ ಬಿಟ್ಟು, ಪ್ರಸಾರದ ಹಣವನ್ನು ಆದಾಯಕ್ಕೆ ತಕ್ಕಂತೆ ತೆರಿಗೆಯ ಜೊತೆಗೇ ವಸೂಲು ಮಾಡುತ್ತಿವೆ. ಕೊಡುವವರೆಲ್ಲರ ಆದಾಯಕ್ಕೆ ಕಣ್ಣುಮುಚ್ಚಿ, ಮುದುಕರು ಬಂದಾಗ ಮಾತ್ರ ಕನ್ನಡಕ ಹಾಕಿಕೊಳ್ಳುವುದು ಯಾವ ಅರ್ಥಶಾಸ್ತ್ರ?

ಐರ್ಲೆಂಡ್ ಪಕ್ಕದಲ್ಲೇ ಇದೆ. ಅಲ್ಲಿ ಲೈಸೆನ್ಸ್ 160 ಯೂರೊ. 70 ದಾಟಿದವರಿಗೆ ವಿದ್ಯುತ್ ಅಥವಾ ಗ್ಯಾಸ್ ಬಿಲ್ಲಿನ ನೆರವಿನ ಜೊತೆಗೇ ಟಿವಿ ಲೈಸೆನ್ಸೂ ಪುಕ್ಕಟೆ, ಆದಾಯ ಕೇಳುವುದಿಲ್ಲ. ಅದಕ್ಕಿಂತ ಚಿಕ್ಕವರಿಗೆ ಷರತ್ತುಗಳಿವೆ. ದೇಶವೇನೂ ಮುಳುಗಿಲ್ಲ.

ಬ್ರಿಟನ್ ಕೂಡ ಬೇರೆ ದಾರಿ ಕಲಿತಿದೆ, ಆದರೆ ಟಿವಿಯಲ್ಲಲ್ಲ. ಚಳಿಗಾಲದಲ್ಲಿ ವೃದ್ಧರ ಮನೆ ಬೆಚ್ಚಗಿಡಲು ಕೊಡುವ 200 ಅಥವಾ 300 ಪೌಂಡನ್ನು 2024ರ ಜುಲೈಯಲ್ಲಿ ಹಣಕಾಸು ಮಂತ್ರಿ ರೇಚಲ್ ರೀವ್ಸ್ ಪೆನ್ಷನ್ ಕ್ರೆಡಿಟ್‌ನಂಥ ನೆರವು ಪಡೆಯುವವರಿಗೆ ಸೀಮಿತಗೊಳಿಸಿದರು. ಅದೇ ಜರಡಿ, ಅದೇ ತೂತು. ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಗದ್ದಲ ತಡೆಯಲಾಗದೆ, 2025ರ ಜೂನ್‌ನಲ್ಲಿ ಸರ್ಕಾರ ಮಾತು ತಿರುಗಿಸಿತು. ಈಗ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಬೇಡ ಎಂದು ಬಿಟ್ಟುಕೊಡದವರಿಗೆಲ್ಲ ಹಣ ಹೋಗುತ್ತದೆ, ವರ್ಷದ ಆದಾಯ 35,000 ಪೌಂಡ್ ಮೀರಿದವರಿಂದ ತೆರಿಗೆಯ ಲೆಕ್ಕದಲ್ಲಿ ವಾಪಸು ಬರುತ್ತದೆ. ಸಿರಿವಂತರನ್ನು ತೆರಿಗೆ ಇಲಾಖೆ ಆಗಲೇ ಬಲ್ಲದು, ಅಜ್ಜಿಯ ಮುಂದೆ ಇನ್ನೂರು ಪ್ರಶ್ನೆ ಇಡಬೇಕಿಲ್ಲ. ಟಿವಿ ಲೈಸೆನ್ಸಿಗೂ ಇದನ್ನೇ ಮಾಡಲಿ, ಖರ್ಚು ಮೊದಲಿನಂತೆ ಖಜಾನೆ ಹೊರಲಿ ಎಂಬುದು ನಮ್ಮ ನಿಲುವು.

ನಮ್ಮಲ್ಲೂ ನಿಲ್ಲಿಸಲಿ ಎಂದಿರಿ. ಟಿವಿಯ ಮಟ್ಟಿಗೆ ನಮಗೆ ಆ ಗೋಜಿಲ್ಲ. ಅಂಚೆ ಕಚೇರಿಗೆ ಹೋಗಿ ರೇಡಿಯೊಗೆ 15, ಟಿವಿಗೆ 50 ರೂಪಾಯಿ ಕಟ್ಟಿ ಬರುವ ಪದ್ಧತಿ 1980ರ ದಶಕದಲ್ಲೇ ಹೋಯಿತು. ಆದರೆ ರೈಲು? 2020ರ ಮಾರ್ಚ್‌ವರೆಗೆ 60 ದಾಟಿದ ಗಂಡಸರಿಗೆ ಶೇ 40, 58 ದಾಟಿದ ಹೆಂಗಸರಿಗೆ ಶೇ 50 ರಿಯಾಯಿತಿ ಇತ್ತು. ಬೇಡ ಎನ್ನುವವರಿಗೆ ಬಿಟ್ಟುಕೊಡುವ ಆಯ್ಕೆಯೂ ಇತ್ತು, ಸಿರಿವಂತರಿಗೆ ಯಾರೂ ಬಲವಂತ ಮಾಡಿರಲಿಲ್ಲ. ಕೋವಿಡ್ ನೆಪದಲ್ಲಿ ನಿಂತದ್ದು ಕೋವಿಡ್ ಹೋದ ಮೇಲೂ ಬರಲಿಲ್ಲ. ನಿಮ್ಮ ಇಷ್ಟ ನೆರವೇರಿತಲ್ಲ, ಅದರಿಂದ ಯಾವ ಬಡ ವೃದ್ಧೆಯ ಟಿಕೆಟ್ ಅಗ್ಗವಾಯಿತು? ನಿಲ್ಲಿಸುವಾಗ ಎಲ್ಲರಿಗೂ ನಿಲ್ಲಿಸುತ್ತಾರೆ, ‘ಅರ್ಹರಿಗೆ ಮಾತ್ರ’ ಎಂಬ ಮಾತು ಭಾಷಣದಲ್ಲೇ ಉಳಿಯುತ್ತದೆ. ಅದೇ ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ 70 ದಾಟಿದ ಎಲ್ಲರಿಗೂ, ಆದಾಯ ಕೇಳದೆ, ವರ್ಷಕ್ಕೆ 5 ಲಕ್ಷ ರೂಪಾಯಿಯ ಆಸ್ಪತ್ರೆ ಚಿಕಿತ್ಸೆಯ ಆಯುಷ್ಮಾನ್ ಕಾರ್ಡ್ ತಂದಿತು. ಅಲ್ಲಿ ವಯಸ್ಸು ಸಾಕು, ರೈಲಿನಲ್ಲಿ ಸಾಲದು. ಯಾಕೆ ಎಂದು ನಮ್ಮ ಸಂಸದರನ್ನು ಕೇಳುವ ಒಂದು ಪತ್ರ ನಿಮ್ಮ ಕೈಯಿಂದ ಹೋದರೆ ಅಚ್ಚುಹಾಕಲು ನಾವು ಸಿದ್ಧ.

ಕಡೆಯದಾಗಿ ನಿಮ್ಮ ಅಕ್ಕನವರ ವಿಷಯ, ಸಿಟ್ಟಿನಲ್ಲಿ ಅದನ್ನು ಬಿಡುವಂತಿಲ್ಲ. ಅವರು ಮಗನ ಅವಲಂಬಿತರಾಗಿ, ತಾಯಿಯ ಖರ್ಚು ತನ್ನದೇ ಎಂದು ಅವನು ಬರೆದುಕೊಟ್ಟ ಮುಚ್ಚಳಿಕೆಯ ಮೇಲೆ ಹೋಗಿ ನೆಲೆಸಿದ್ದರೆ, ಐದು ವರ್ಷ ಪೆನ್ಷನ್ ಕ್ರೆಡಿಟ್ ಕೇಳುವಂತಿಲ್ಲ. ಕೇಳಿದರೆ ವೀಸಾ ತೊಡಕಾದೀತು. ಮೊದಲಿನ ನಿಯಮದಲ್ಲಾದರೆ ವಯಸ್ಸು, ಆ ಮನೆಯಲ್ಲಿ ಖಾಯಂ ವಾಸ, ಇಷ್ಟು ಸಾಕಿತ್ತು. ಅವರ ಕೋಣೆಗೆ ಬೇರೆ ಲೈಸೆನ್ಸ್ ಬೇಡ, ಮಗನದೇ ಸಾಕು. ಅಡುಗೆಮನೆ, ಬಾಗಿಲು ಎಲ್ಲ ಬೇರೆಯಾದ ಪ್ರತ್ಯೇಕ ಭಾಗದಲ್ಲಿದ್ದರೆ ಮಾತ್ರ ಬೇರೆ ಬೇಕು. ಕನ್ನಡ ಸುದ್ದಿ ವಾಹಿನಿಯನ್ನು ಯೂಟ್ಯೂಬಿನಲ್ಲಿ ನೇರಪ್ರಸಾರ ನೋಡಿದರೂ ಲೈಸೆನ್ಸ್ ಬೇಕು, ಬೇರೆ ದೇಶದ ವಾಹಿನಿ ಎಂಬ ವಿನಾಯಿತಿ ಇಲ್ಲ. ಪ್ರಸಾರವಾಗಿ ಮುಗಿದ ಧಾರಾವಾಹಿಯ ಕಂತುಗಳನ್ನು ಆಮೇಲೆ ನೋಡಲು ಬೇಡ. ಬಿಬಿಸಿಯ ಇಂಟರ್‌ನೆಟ್ ವೇದಿಕೆಯಾದ ಐಪ್ಲೇಯರ್‌ನಲ್ಲಿ ಮಾತ್ರ 2016ರ ಸೆಪ್ಟೆಂಬರ್‌ನಿಂದ ಬಿಬಿಸಿ ಕಾರ್ಯಕ್ರಮವನ್ನು ನೇರವಾಗಿ ನೋಡಿದರೂ ಆಮೇಲೆ ನೋಡಿದರೂ ಲೈಸೆನ್ಸ್ ಬೇಕು. ಇಲ್ಲದೆ ಸಿಕ್ಕಿಬಿದ್ದರೆ ದಂಡ 1,000 ಪೌಂಡ್‌ವರೆಗೆ.

ಇನ್ನು ಅವರ ಕಣ್ಣು. ತೀವ್ರ ದೃಷ್ಟಿದೋಷವಿದೆ ಎಂದು ಅಲ್ಲಿನ ನೇತ್ರತಜ್ಞರ ಪ್ರಮಾಣಪತ್ರ ಸಿಕ್ಕರೆ ಇಡೀ ಮನೆಯ ಲೈಸೆನ್ಸ್ ಅರ್ಧ ಬೆಲೆಗೆ ಬರುತ್ತದೆ. ಭಾಗಶಃ ದೋಷವಾದರೆ ಇಲ್ಲ. ಲೈಸೆನ್ಸ್ ಈಗ ಮಗನ ಹೆಸರಿನಲ್ಲಿರುತ್ತದೆ, ಮೊದಲು ಅದನ್ನು ಅಕ್ಕನವರ ಹೆಸರಿಗೆ ಬದಲಿಸಿಕೊಳ್ಳಬೇಕು, ಜನ ಎಡವುವುದು ಇಲ್ಲೇ. ಈ ಅರ್ಧಕ್ಕೆ ಅಕ್ಕನವರ ಆದಾಯವನ್ನಾಗಲಿ ಮಗನ ಆದಾಯವನ್ನಾಗಲಿ ಯಾರೂ ಕೇಳುವುದಿಲ್ಲ.